ಅನ್ನ ತಿನ್ನೋ ಬಾಯಿ

ಕೆಲವು ವರ್ಷಗಳ ಹಿಂದೆ ತಾಲ್ಲೂಕು ಕೇಂದ್ರವೊಂದರ ಸಿವಿಲ್ ಕೋರ್ಟಿಗೆ ಸಾಕ್ಷಿ ಹೇಳಲು ಹೋಗಿದ್ದೆ. ನಮ್ಮ ತೋಟದ ಪಕ್ಕದ ಎರಡು ಮನೆಗಳವರ ನಡುವೆ ಬದುವಿನ ತಕರಾರು. ಹಳೆಯ ಬದು ಎಲ್ಲಿತ್ತು ಎಂಬುದನ್ನು ಕಂಡವರಲ್ಲಿ ನಾನೂ ಒಬ್ಬ. ಜವಾನ ಹೆಸರು ಕೂಗಿದ, ಕಟಕಟೆ ಹತ್ತಿದೆ. ಬೆಂಚ್ ಗುಮಾಸ್ತರು ಕಡತದಿಂದ ತಲೆ ಎತ್ತದೆಯೇ, ಸಾವಿರ ಸಲ ಹೇಳಿ ನುಣುಪಾದ ದನಿಯಲ್ಲಿ, "ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳ್ತೀನಿ ಅನ್ನಿ" ಎಂದರು.

ನನಗೆ ದೇವರಲ್ಲಿ ನಂಬಿಕೆಯಿಲ್ಲ. ಅದನ್ನು ಸಾರಿಕೊಂಡು ತಿರುಗುವವನೂ ನಾನಲ್ಲ. ಮನೆಯಲ್ಲಿ ಹಬ್ಬ ನಡೆಯುತ್ತದೆ, ಪ್ರಸಾದ ಕೊಟ್ಟರೆ ಕಣ್ಣಿಗೊತ್ತಿಕೊಂಡು ತಿನ್ನುತ್ತೇನೆ. ಆದರೆ ಆ ಕ್ಷಣ ನಾಲಿಗೆ ಏಳಲಿಲ್ಲ. ನಿಜ ಹೇಳುತ್ತೇನೆಂದು ಮಾತು ಕೊಡುವ ಮೊದಲ ವಾಕ್ಯದಲ್ಲೇ ನಾನು ನಂಬದ್ದನ್ನು ಹೇಳುವುದು ಹೇಗೆ? "ಸತ್ಯನಿಷ್ಠೆಯಿಂದ ಅಂತ ಹೇಳಬಹುದಾ ಸರ್?" ಎಂದೆ. ಗುಮಾಸ್ತರು ತಲೆ ಎತ್ತಿದರು. ವಕೀಲರಿಬ್ಬರು ತಿರುಗಿ ನೋಡಿದರು. ನ್ಯಾಯಾಧೀಶರು ಬರೆಯುತ್ತಿದ್ದುದನ್ನು ನಿಲ್ಲಿಸಿ, "ಆಗುತ್ತೆ, ಹಾಗೇ ಹೇಳಿ" ಎಂದರು. ಅಷ್ಟೇ.

ನನ್ನ ನಂತರ ಬಂದದ್ದು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಹಣೆ ತುಂಬ ವಿಭೂತಿ, ಕೈಯಲ್ಲಿ ಯಾವುದೋ ಜಾತ್ರೆಯ ಕೆಂಪು ದಾರ. ಗುಮಾಸ್ತರು ಅದೇ ಮಾತನ್ನು ಅವರಿಗೂ ಹೇಳಿಕೊಟ್ಟರು. ಅಜ್ಜಿ ಅವರ ಕಡೆ ನೋಡಲೇ ಇಲ್ಲ. ನ್ಯಾಯಾಧೀಶರ ಕಡೆ ತಿರುಗಿ, ಬಲಗೈಯನ್ನು ಬಾಯ ಹತ್ತಿರ ತಂದು, "ಅನ್ನ ತಿನ್ನೋ ಬಾಯಿ ಸ್ವಾಮಿ, ಸುಳ್ಳಾಡಕಿಲ್ಲ" ಎಂದರು. ಗುಮಾಸ್ತರು ಬಿಡಲಿಲ್ಲ, ಅವರ ಒತ್ತಾಯಕ್ಕೆ ಅಜ್ಜಿ ದೇವರ ಹೆಸರನ್ನೂ ಹೇಳಿದರು. ಆದರೆ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಪ್ರಮಾಣ ಮೊದಲೇ ಆಗಿಹೋಗಿತ್ತು.

ಅಂದಿನಿಂದ ನನ್ನನ್ನು ಒಂದು ಬೆರಗು ಬಿಟ್ಟಿಲ್ಲ. ಆಡಿದ ಮಾತನ್ನು ಹಿಡಿದು ನಿಲ್ಲಿಸುವುದು ಯಾವುದು? ದೇವರಿಲ್ಲ ಎನ್ನುವ ನಾನು ಸತ್ಯದ ಹೆಸರು ಹಿಡಿದೆ. ದೇವರನ್ನು ಮೈಮೇಲೆ ಹೊತ್ತಂತಿದ್ದ ಅಜ್ಜಿಗೆ ದೇವರಿಗಿಂತ ಮೊದಲು ನೆನಪಾದದ್ದು ಅನ್ನ. ನಮ್ಮ ಭಾಷೆಯೇ ಹಾಗಿದೆ. ತಾಯಾಣೆ, ಅನ್ನದಾಣೆ, ಭೂಮಿತಾಯಾಣೆ, ನಿನ್ನಾಣೆ. ಆಣೆಯ ಮುಂದೆ ಕನ್ನಡಿಗರು ಇಡದ ವಸ್ತುವಿಲ್ಲ. ಕಳೆದುಕೊಂಡರೆ ಬದುಕೇ ಬರಿದಾಗುವಂಥ ಯಾವುದನ್ನಾದರೂ ಒತ್ತೆಯಿಟ್ಟು ಮಾತು ಕೊಡುತ್ತೇವೆ. ದೇವರು ಆ ಒತ್ತೆಗಳಲ್ಲಿ ಒಂದು, ಬಹುಶಃ ಎಲ್ಲಕ್ಕಿಂತ ದೊಡ್ಡದು. ಧರ್ಮಸ್ಥಳಕ್ಕೆ 'ಮಾತು ಬಿಡದ ಮಂಜುನಾಥ'ನೆಂಬ ನಂಬಿಕೆಯಿಂದಲೇ ಜನ ಆಣೆ ಪ್ರಮಾಣಕ್ಕೆ ಹೋಗುತ್ತಾರೆ. ಕರ್ಪೂರ ಹಚ್ಚಿ ಆರಿಸಿದರೆ ಮುಗಿಯಿತು, ಆಮೇಲೆ ಊರಲ್ಲಿ ಯಾರೂ ಎದುರಾಡುವುದಿಲ್ಲ.

ನ್ಯಾಯಾಲಯಗಳು ಈ ಒತ್ತೆಯನ್ನು ನೆಚ್ಚಿಕೊಂಡೇ ಬೆಳೆದವು. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಕ್ರೈಸ್ತನಲ್ಲದವನ ಸಾಕ್ಷಿಗೆ ಬೆಲೆಯಿರಲಿಲ್ಲ. ಅದನ್ನು ಅಲುಗಾಡಿಸಿದ್ದು ನಮ್ಮ ದೇಶದಿಂದ ಹೋದ ಒಂದು ಮೊಕದ್ದಮೆ. ಕಲ್ಕತ್ತೆಯ ವ್ಯಾಪಾರಿ ಓಮಿಚಂದ್ ಹೂಡಿದ ದಾವೆಯಲ್ಲಿ ಹಿಂದೂ ಸಾಕ್ಷಿಗಳು ಬ್ರಾಹ್ಮಣನೊಬ್ಬನ ಪಾದ ಮುಟ್ಟಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದರು. ಅದು ನಡೆಯುತ್ತದೆಯೇ ಎಂಬ ಪ್ರಶ್ನೆ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಹಾರ್ಡ್‌ವಿಕ್ ಮುಂದೆ ಬಂತು. ನಡೆಯುತ್ತದೆ ಎಂದು 1740ರ ದಶಕದಲ್ಲೇ ತೀರ್ಪಾಯಿತು. ಯಾವ ದೇವರಾದರೂ ಸರಿ, ಸುಳ್ಳಾಡಿದರೆ ಶಿಕ್ಷಿಸುವ ದೇವರೊಬ್ಬನಿದ್ದಾನೆ ಎಂಬ ನಂಬಿಕೆ ಇದ್ದರೆ ಸಾಕು. ದೊಡ್ಡ ಮನಸ್ಸಿನ ತೀರ್ಪು. ಎಲ್ಲ ದೇವರುಗಳಿಗೂ ಕೋರ್ಟಿನ ಬಾಗಿಲು ತೆರೆಯಿತು. ಯಾವ ದೇವರೂ ಇಲ್ಲದವನು ಮಾತ್ರ ಹೊರಗೇ ಉಳಿದ.

ಹೊರಗೆ ಎಂದರೆ ಎಷ್ಟು ಹೊರಗೆ? 1857ರಲ್ಲಿ ಲಂಡನ್ನಿನ ಕೋರ್ಟೊಂದಕ್ಕೆ ಕಳ್ಳತನದ ದೂರು ಹೊತ್ತು ಬಂದ ಪರದೇಶದವನೊಬ್ಬನಿಗೆ, ದೇವರಲ್ಲಿ ನಂಬಿಕೆಯಿಲ್ಲವೆಂದ ಕಾರಣಕ್ಕೆ, ನ್ಯಾಯ ಸಿಗಲಿಲ್ಲ. ಅವನ ವಸ್ತು ಕದ್ದವನು ಕೈಬೀಸಿಕೊಂಡು ಹೋಗಬಹುದಿತ್ತು. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಈ ಪ್ರಕರಣವನ್ನು ಎತ್ತಿಕೊಂಡು ಹೇಳಿದ ತರ್ಕ ಇವತ್ತಿಗೂ ನನ್ನ ಮೈ ಜುಮ್ಮೆನ್ನಿಸುತ್ತದೆ. ಸುಳ್ಳು ಹೇಳಲು ಅಂಜದ ನಾಸ್ತಿಕ ಸುಮ್ಮನೆ ಪ್ರಮಾಣ ಮಾಡಿ ಒಳಗೆ ಬಂದುಬಿಡುತ್ತಾನೆ. ಊರವರ ತಿರಸ್ಕಾರವನ್ನು ಎದುರಿಸಿಯಾದರೂ ನಿಜವನ್ನೇ ಒಪ್ಪಿಕೊಳ್ಳುವ ನಾಸ್ತಿಕನನ್ನೇ ಈ ನಿಯಮ ಹೊರಗಟ್ಟುತ್ತದೆ. ಸುಳ್ಳರನ್ನು ತಡೆಯಲು ಹಾಕಿದ ಬಲೆಗೆ ಬೀಳುತ್ತಿದ್ದವರು ಪ್ರಾಮಾಣಿಕರು ಮಾತ್ರ. ಪ್ರಮಾಣ ಮಾಡಲೊಲ್ಲೆ ಎಂದವನು ಆ ಒಂದು ಮಾತಿನಲ್ಲೇ ತನ್ನ ಸತ್ಯವಂತಿಕೆಯ ಪುರಾವೆ ಕೊಟ್ಟಿರುತ್ತಾನೆ, ಅದನ್ನು ನೋಡುವ ಕಣ್ಣು ಕಾನೂನಿಗಿರಲಿಲ್ಲ.

ಚಾರ್ಲ್ಸ್ ಬ್ರಾಡ್ಲಾ ಎಂಬ ನಾಸ್ತಿಕನ ಹೆಸರು ಈ ಕತೆಯಲ್ಲಿ ಬಾರದೆ ಇರದು. 1880ರಲ್ಲಿ ನಾರ್ಥಾಂಪ್ಟನ್‌ನಿಂದ ಪಾರ್ಲಿಮೆಂಟಿಗೆ ಆರಿಸಿ ಬಂದ ಆತ, ಪ್ರಮಾಣದ ಬದಲು ಸತ್ಯನಿಷ್ಠೆಯ ಪ್ರತಿಜ್ಞೆ ಮಾಡುತ್ತೇನೆಂದ. ಸಭೆ ಒಪ್ಪಲಿಲ್ಲ. ಹಾಗಾದರೆ ಪ್ರಮಾಣವನ್ನೇ ಮಾಡುತ್ತೇನೆ ಎಂದಾಗ ಅದನ್ನೂ ಒಪ್ಪಲಿಲ್ಲ, ನಿನ್ನ ಬಾಯಲ್ಲಿ ಅದಕ್ಕೆ ಅರ್ಥವಿಲ್ಲ ಎಂದರು. ಗಡಿಯಾರದ ಗೋಪುರದಲ್ಲಿ ಒಂದು ರಾತ್ರಿ ಸೆರೆಯಿಟ್ಟರು. ಮುಂದೆ ಅವನ ಸ್ಥಾನ ತೆರವಾದಾಗಲೆಲ್ಲ ಅದೇ ಊರಿನ ಜನ ಅವನನ್ನೇ ಮತ್ತೆ ಮತ್ತೆ ಆರಿಸಿ ಕಳಿಸಿದರು. 1886ರಲ್ಲಿ ಕೊನೆಗೂ ಸ್ಥಾನ ಸಿಕ್ಕಿತು, 1888ರಲ್ಲಿ ಅವನೇ ಮುಂದೆ ನಿಂತು ತಂದ ಕಾಯ್ದೆ ಪ್ರಮಾಣಕ್ಕೆ ಬದಲಾಗಿ ಪ್ರತಿಜ್ಞೆಯನ್ನು ಹಕ್ಕಾಗಿ ಕೊಟ್ಟಿತು. ಇದೇ ಬ್ರಾಡ್ಲಾ 1889ರ ಕೊನೆಯಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ. 1891ರಲ್ಲಿ ಅವನು ತೀರಿಕೊಂಡಾಗ ಮಣ್ಣಿಗೆ ಹೋದವರಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದ ಮೋಹನದಾಸ ಗಾಂಧಿಯೂ ಇದ್ದರು. ರಾಮನಾಮ ಜಪಿಸಿದ ಮನುಷ್ಯ ಹರೆಯದಲ್ಲಿ ಒಬ್ಬ ನಾಸ್ತಿಕನ ಗೋರಿಯ ಬಳಿ ತಲೆಬಾಗಿ ನಿಂತ ಆ ಚಿತ್ರ ನನ್ನ ಮನಸ್ಸಿನಿಂದ ಮಾಸುವುದಿಲ್ಲ.

ಆದರೆ ನನ್ನ ನಿಜವಾದ ಬೆರಗು ಬೇರೆ ಕಡೆ ಇದೆ. ಈ ಪ್ರತಿಜ್ಞೆಯ ಬಾಗಿಲನ್ನು ಮೊದಲು ತಟ್ಟಿ ತೆರೆಸಿದವರು ನಾಸ್ತಿಕರಲ್ಲ. ದೇವರನ್ನು ಮಿಕ್ಕವರಿಗಿಂತ ಹೆಚ್ಚು ನಂಬಿದವರು! ಆಣೆಯನ್ನೇ ಇಡಬೇಡಿ, ಹೌದಾದರೆ ಹೌದೆನ್ನಿ, ಅಲ್ಲವಾದರೆ ಅಲ್ಲವೆನ್ನಿ ಎಂದು ಯೇಸು ಬೆಟ್ಟದ ಮೇಲಿನ ಉಪದೇಶದಲ್ಲಿ ಹೇಳಿದ್ದಾನೆ. ಆ ಮಾತಿರುವ ಪುಸ್ತಕವನ್ನೇ ಕೈಗೆ ಕೊಟ್ಟು ಕೋರ್ಟು ಆಣೆ ಇಡು ಎನ್ನುತ್ತಿತ್ತು. ಇಂಗ್ಲೆಂಡಿನ ಕ್ವೇಕರ್ ಪಂಥದವರು ಇದಕ್ಕೆ ಒಪ್ಪಲಿಲ್ಲ. ಕೋರ್ಟಿನಲ್ಲಿ ಒಂದು ಸತ್ಯ, ಸಂತೆಯಲ್ಲಿ ಇನ್ನೊಂದು ಸತ್ಯ ಇರುತ್ತದೆಯೇ, ದಿನವಿಡೀ ನಿಜವನ್ನೇ ಆಡುವವನಿಗೆ ಪ್ರತ್ಯೇಕ ಆಣೆ ಯಾಕೆ ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ಜೈಲಿಗೆ ಹೋದರು, ಆಸ್ತಿ ಕಳೆದುಕೊಂಡರು. ಹದಿನೇಳನೆಯ ಶತಮಾನದ ಕೊನೆಗೆ ಕಾಯ್ದೆ ಅವರಿಗೆ ಮಣಿಯಿತು. ಬ್ರಾಡ್ಲಾ ಇನ್ನೂರು ವರ್ಷಗಳ ನಂತರ ಹೊಕ್ಕ ಬಾಗಿಲು ಆ ಭಕ್ತರು ತೆರೆದಿಟ್ಟದ್ದು.

ನಮ್ಮಲ್ಲೂ ಹಾಗೇ ಆಯಿತು. ಕಂಪನಿ ಸರ್ಕಾರದ ಕೋರ್ಟುಗಳಲ್ಲಿ ಹಿಂದೂಗಳ ಕೈಗೆ ಗಂಗಾಜಲ, ಮುಸಲ್ಮಾನರ ಕೈಗೆ ಕುರಾನ್ ಕೊಟ್ಟು ಪ್ರಮಾಣ ಮಾಡಿಸುತ್ತಿದ್ದರು. ಎಷ್ಟೋ ಮಂದಿ ಆಸ್ತಿಕರಿಗೆ ಇದು ಸಹಿಸದಾಯಿತು. ಜಮೀನಿನ ಜಗಳಕ್ಕೆ ಗಂಗೆಯನ್ನು ಎಳೆದು ತರುವುದೇ ಎಂದು ಅವರು ಸಾಕ್ಷಿಗೇ ಬರದಾದರು. ಈ ಬಲವಂತ ಜನರ ಅಂತಃಸಾಕ್ಷಿಗೆ ನೋವು ತರುತ್ತದೆ, ನ್ಯಾಯಕ್ಕೂ ಅಡ್ಡಿಯಾಗುತ್ತದೆ ಎಂದು ಒಪ್ಪಿಕೊಂಡೇ 1840ರ ಐದನೇ ಕಾಯ್ದೆ ಪ್ರತಿಜ್ಞೆಯನ್ನು ತಂದಿತು. ಅದರ ಮಾತಿನಲ್ಲಿ ಸರ್ವಶಕ್ತ ದೇವರ ಸಮಕ್ಷಮವೇನೋ ಉಳಿದಿತ್ತು. 1873ರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಿಂದೂ, ಮುಸಲ್ಮಾನ, ಪ್ರಮಾಣಕ್ಕೆ ಆಕ್ಷೇಪವಿರುವವನು, ಈ ಮೂವರೂ ಪ್ರಮಾಣದ ಬದಲು ಪ್ರತಿಜ್ಞೆ ಮಾಡಬೇಕೆಂದಿತು. ದೇವಸ್ಥಾನಕ್ಕೆ ಹೋಗುವವನು, ಮಸೀದಿಗೆ ಹೋಗುವವನು, ಎಲ್ಲಿಗೂ ಹೋಗದವನು ಸುಮಾರು ನೂರು ವರ್ಷ ಕಾಯ್ದೆಯ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ನಿಂತಿದ್ದರು.

ಆ ಕಾಯ್ದೆಯಲ್ಲಿ ಮತ್ತೊಂದು ವಿಚಿತ್ರವಿತ್ತು. ಎದುರಾಳಿ ಇಂಥ ಆಣೆ ಮಾಡಿ ಹೇಳಿಬಿಡಲಿ, ನಾನು ಅದಕ್ಕೆ ಬದ್ಧ ಎಂದು ಕಕ್ಷಿದಾರ ಸವಾಲು ಹಾಕಬಹುದಿತ್ತು. ಎದುರಿನವನು ಆ ಆಣೆ ಮಾಡಿ ಹೇಳಿದರೆ, ಸವಾಲು ಹಾಕಿದವನ ಮಟ್ಟಿಗೆ ಅದೇ ಕೊನೆಯ ಪುರಾವೆ. ಊರ ಗುಡಿಯ ಕರ್ಪೂರವನ್ನು ಕೋರ್ಟಿನೊಳಗೆ ತಂದಂತೆ. 1969ರ ಪ್ರಮಾಣಗಳ ಕಾಯ್ದೆ ಇದನ್ನು ಕೈಬಿಟ್ಟಿತು, ಸರಿಯಾಗೇ ಮಾಡಿತು ಎಂದು ನನ್ನ ಅಭಿಪ್ರಾಯ. ದೇವರಿಗೆ ಹೆದರುವವನು ಸೋತು, ಹೆದರದ ಸುಳ್ಳ ಗೆಲ್ಲುವ ಆಟವದು.

ಇವತ್ತು ನಡೆಯುವುದು 1969ರ ಕಾಯ್ದೆಯೇ. ಸಿನಿಮಾದಲ್ಲಿ ಸಾಕ್ಷಿಯ ಕೈಯನ್ನು ಭಗವದ್ಗೀತೆಯ ಮೇಲೆ ಇಡಿಸುವುದನ್ನು ನೋಡಿ ನೋಡಿ ನಮಗೆಲ್ಲ ಅದೇ ನಿಜವೆನಿಸಿದೆ. ಕಾಯ್ದೆಯ ನಮೂನೆಯಲ್ಲಿ ಯಾವ ಗ್ರಂಥದ ಹೆಸರೂ ಇಲ್ಲ. ದೇವರ ಹೆಸರಿನಲ್ಲಿ ಪ್ರಮಾಣ, ಇಲ್ಲವೇ ಸತ್ಯನಿಷ್ಠೆಯ ಪ್ರತಿಜ್ಞೆ, ಎರಡೂ ಒಂದೇ ಸಾಲಿನಲ್ಲಿವೆ. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳಿಗೂ ನ್ಯಾಯಮೂರ್ತಿಗಳಿಗೂ ಇಟ್ಟಿರುವ ಆಯ್ಕೆ ಇದೇ. 1969ರ ಕಾಯ್ದೆಯ ಪ್ರಕಾರ, ಹನ್ನೆರಡು ವರ್ಷದೊಳಗಿನ ಮಗುವಿಗೆ ಆಣೆಯೆಂದರೆ ಏನೆಂದು ತಿಳಿಯದಿದ್ದರೂ, ನಿಜ ಹೇಳಬೇಕೆಂಬುದು ತಿಳಿದಿದ್ದರೆ ಪ್ರಮಾಣವೇ ಬೇಡ. ಈ ಕಲಮು ಓದಿದಾಗ ನನಗೆ ಕಣ್ಣು ತುಂಬಿತು. ಆಣೆಗಿಂತ ಮೊದಲು ಮನುಷ್ಯನಿಗೆ ಸತ್ಯ ಗೊತ್ತಿರುತ್ತದೆ ಎಂದು ಕಾನೂನೇ ಒಪ್ಪಿಕೊಂಡಂತಾಯಿತು.

ಪುಣ್ಯಕೋಟಿಯ ಕತೆಯನ್ನು ನಾವೆಲ್ಲ ಹಸುವಿಗಾಗಿ ಅತ್ತು ಕೇಳಿದ್ದೇವೆ. ವಯಸ್ಸಾದಂತೆ ನನಗೆ ಬೆರಗು ಹುಟ್ಟಿಸುವುದು ಹುಲಿ. ಹಸಿದಿದೆ, ಬೇಟೆ ಉಗುರಿನಡಿ ಸಿಕ್ಕಿದೆ. ಹೋಗಿ ಬರುತ್ತೇನೆಂಬ ಬರಿಯ ಮಾತೊಂದನ್ನು ಕೇಳಿ ಹಿಡಿತ ಸಡಿಲಿಸಿತು. ಅಷ್ಟು ದೊಡ್ಡ ನಂಬಿಕೆ ಅದಕ್ಕೆ ಎಲ್ಲಿಂದ ಬಂತು? ಪ್ರತಿದಿನ ಸಾಕ್ಷಿಯ ಬಾಯನ್ನೇ ನೋಡುತ್ತ ಕೂರುವ ಕೋರ್ಟುಗಳದೂ ಆ ಹುಲಿಯ ಪಾಡೇ. ಪಾಟೀಸವಾಲು ಇದೆ, ಸುಳ್ಳು ಸಾಕ್ಷಿಗೆ ಏಳು ವರ್ಷದವರೆಗೆ ಶಿಕ್ಷೆಯೂ ಇದೆ. ಆದರೂ ಆ ಎಲ್ಲದಕ್ಕೂ ಮೊದಲು, ಎದುರಿಗೆ ನಿಂತವನು ನಿಜ ಹೇಳಬಲ್ಲ ಎಂಬ ನಂಬಿಕೆಯೊಂದು ಬೇಕು. ಅದಿಲ್ಲದೆ ಕಟಕಟೆಯನ್ನು ಕಟ್ಟುವುದಾದರೂ ಯಾಕೆ?

ಅದಕ್ಕೇ ಬೆಂಚಿನ ಪಕ್ಕ ನಿಂತು ಪ್ರಮಾಣ ಹೇಳಿಕೊಡುವವರಲ್ಲಿ ನನ್ನದೊಂದು ವಿನಂತಿ. ನಮೂನೆಯ ಸಾಲಿನಲ್ಲಿ ಎರಡು ದಾರಿಗಳಿವೆ. ದಯವಿಟ್ಟು ಎರಡನ್ನೂ ಓದಿ, ಯಾವುದು ಬೇಕೆಂದು ಕೇಳಿ. ಮುಂದಿನ ಸಾಕ್ಷಿ ದೇವರನ್ನು ನಂಬದವನಿರಬಹುದು, ದೇವರನ್ನು ಕೋರ್ಟಿಗೆ ಎಳೆಯಲು ಮನಸ್ಸು ಬಾರದ ಭಕ್ತೆಯೂ ಇರಬಹುದು. ಕೇಳಲು ಅರ್ಧ ನಿಮಿಷವೂ ಹಿಡಿಯುವುದಿಲ್ಲ.