ಕಟ್ಟಡದ ದಾನವೂ ಗ್ರಂಥಪಾಲಕನ ಅನ್ನವೂ

ಪರವೂರಿನಲ್ಲಿ ನೆಲೆಸಿದ ಕನ್ನಡಿಗರು ನಾಲ್ಕು ಮಂದಿ ಸೇರಿ ಸಂಘ ಕಟ್ಟಿದರೆ, ಅವರಿಗೆ ಮೊದಲು ತೋಚುವ ಕೆಲಸಗಳಲ್ಲಿ ವಾಚನಾಲಯವೂ ಒಂದು. ಅದಕ್ಕೆ ದಾನಿಗಳೂ ದೊರೆಯುತ್ತಾರೆ. ಬೀರುವಿಗೊಬ್ಬರು, ಫ್ಯಾನಿಗೊಬ್ಬರು, ಭಾಗ್ಯವಿದ್ದರೆ ಕಟ್ಟಡಕ್ಕೇ ಒಬ್ಬರು. ಸಂಜೆ ಬಾಗಿಲು ತೆರೆದು ಕೂರುವವನ ಸಂಬಳಕ್ಕೆಂದು ಕೊಡುವವರು ಮಾತ್ರ ಅಪರೂಪ. ಸಂಬಳದ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲವಷ್ಟೆ!

ಹಾಗಾದರೆ ಹೆಸರಿಗಾಗಿ ಕೊಟ್ಟದ್ದು ದಾನವಲ್ಲವೇ? ನಮ್ಮ ಚೆನ್ನೈನ ಎಗ್ಮೋರಿನಲ್ಲಿರುವ ಕನ್ನೆಮರಾ ಗ್ರಂಥಾಲಯವನ್ನು ನೋಡೋಣ. ಗವರ್ನರ್ ಕನ್ನೆಮರಾ ಪ್ರಭುಗಳು 1890ರಲ್ಲಿ ಅಸ್ತಿಭಾರದ ಕಲ್ಲಿಟ್ಟರು. 1896ರಲ್ಲಿ ಅದು ತೆರೆಯುವ ಹೊತ್ತಿಗೆ ಅವರು ಊರು ಬಿಟ್ಟಾಗಿತ್ತು. ಖರ್ಚು ಸರ್ಕಾರದ್ದು, ನಕ್ಷೆ ಹೆನ್ರಿ ಇರ್ವಿನ್ನರದು, ಹೆಸರು ಮಾತ್ರ ಗವರ್ನರರದು. ಬಣ್ಣದ ಗಾಜು, ಕೆತ್ತನೆಯ ತೇಗದ ಮರ, ಎತ್ತರದ ಛಾವಣಿ – ಆ ಹಳೆಯ ಹಜಾರದಲ್ಲಿ ನಿಂತರೆ ಕಣ್ಣು ತಣಿಯುತ್ತದೆ. ಆದರೆ ಅಲ್ಲಿ ಕನ್ನಡ ಓದುಗನಿಗೆ ಉಪಕಾರ ಮಾಡಿದ್ದು ಛಾವಣಿಯಲ್ಲ, 1954ರ ಕಾಯಿದೆ. ಧಾರವಾಡದಲ್ಲೋ ಮೈಸೂರಿನಲ್ಲೋ ಅಚ್ಚಾದ ಪುಸ್ತಕದ ಒಂದು ಪ್ರತಿ ಇಲ್ಲಿಗೂ ಬರಬೇಕೆಂಬುದು ಆ ಕಾಯಿದೆಯಿಂದಾದ ಏರ್ಪಾಡು.

ಗ್ರಂಥಾಲಯ ದಾನದ ಮಾತು ಬಂದಾಗ ಅಮೆರಿಕದ ಆಂಡ್ರೂ ಕಾರ್ನೆಗಿಯನ್ನು ಮರೆಯುವಂತಿಲ್ಲ. ಸುಮಾರು 2,500 ಗ್ರಂಥಾಲಯಗಳನ್ನು ಕಟ್ಟಿಸಿಕೊಟ್ಟ ಉಕ್ಕಿನ ಸಾಹುಕಾರ ಆತ. ಅದೇ ಆತನ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ 1892ರಲ್ಲಿ ಕೂಲಿಯ ವಿಷಯಕ್ಕೆ ಹೋರಾಟವಾಗಿ, ಹೆಣಗಳು ಬಿದ್ದು, ಕಾರ್ಮಿಕರ ಸಂಘ ಮುರಿಯಿತು. 1898ರಲ್ಲಿ ಅದೇ ಊರಿಗೆ ಭವ್ಯವಾದ ಗ್ರಂಥಾಲಯವೂ ಬಂತು. ಹನ್ನೆರಡು ಗಂಟೆ ದುಡಿದು ಬಂದವನಿಗೆ ಪುಸ್ತಕ ಬಿಡಿಸಲು ಕಣ್ಣೆಲ್ಲಿ ತೆರೆದೀತು? ಆ ಹಣಕ್ಕೆ ಅಂಟಿದ ಕಲೆಯನ್ನು ಕಟ್ಟಡ ತೊಳೆಯಿತೆಂದು ನಾವು ಹೇಳಲಾರೆವು. ಆದರೂ ಆತನ ಒಂದು ಷರತ್ತು ಮೆಚ್ಚತಕ್ಕದ್ದು: ನಿವೇಶನವನ್ನು ಊರೇ ಒದಗಿಸಬೇಕು, ತಾನು ಕೊಟ್ಟ ಮೊತ್ತದ ಹತ್ತನೆಯ ಒಂದು ಪಾಲನ್ನು ನಿರ್ವಹಣೆಗಾಗಿ ವರ್ಷವರ್ಷವೂ ಖರ್ಚು ಮಾಡಬೇಕು. ಸುಮ್ಮನೆ ಕೈಯೊಡ್ಡುವ ಊರಿಗೆ ಕಾಸಿಲ್ಲ.

ಈ ವಿವೇಕಕ್ಕಾಗಿ ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ 1058ರ ಶಾಸನದಲ್ಲಿ ವಿದ್ಯಾರ್ಥಿಗಳ, ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರೂ ಬರುತ್ತಾರೆ. ಅವರ ಜೀವನಕ್ಕೆಂದು ಭೂಮಿ ಬಿಟ್ಟಿದೆ. ಗ್ರಂಥಗಳಿದ್ದರೆ ಸಾಲದು, ಅವನ್ನು ಕಾಯುವವನ ಮನೆಯಲ್ಲಿ ಒಲೆ ಉರಿಯಬೇಕೆಂಬುದು ಆ ದಂಡನಾಯಕನಿಗೆ ತಿಳಿದಿತ್ತು. ಕೆರೆ ಕಟ್ಟಿಸಿದವರು ಅದರ ಹೂಳೆತ್ತಲು ಜಮೀನು ಬಿಡುತ್ತಿದ್ದ ಕಾಲ ಅದು. ಅಂದಿನ ದಾನಿಗೂ ಶಾಸನದ ಆಸೆ ಇದ್ದೇ ಇತ್ತು. ಹೆಸರು ಕೆತ್ತಿಸಿದ್ದು ತಪ್ಪಾಗಿ ಯಾರಿಗೂ ತೋರಲಿಲ್ಲ. ನಮಗೂ ತೋರುವುದಿಲ್ಲ. ಹೆಸರು ಕಲ್ಲಿನಲ್ಲಿರಲಿ, ಬೀಗದ ಕೈ ಓದುಗನ ಪರವಾಗಿರಲಿ. ನಮ್ಮ ತಕರಾರೇನಿದ್ದರೂ ಉದ್ಘಾಟನೆಯ ದಿನ ಹಾರ ಹಾಕಿ, ಫೋಟೋ ತೆಗೆಸಿ, ಋಣ ತೀರಿತೆಂದುಕೊಳ್ಳುವ ಸಂಘಗಳ ಮೇಲೆ. ಕಟ್ಟಡ ಸ್ವೀಕರಿಸಿದ ದಿನವೇ ಅವುಗಳ ಸಾಲ ಶುರುವಾಗುತ್ತದೆ.

ಈ ನಗರದಲ್ಲೇ ಬಾಳಿದ ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಗಣಿತದ ಪಾಠ ಬಿಟ್ಟು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದವರು. ಜೀವಮಾನವೆಲ್ಲ ಉಳಿಸಿದ ಹಣದಲ್ಲಿ ಒಂದು ಲಕ್ಷ ರೂಪಾಯಿಯನ್ನು 1950ರ ದಶಕದಲ್ಲಿ ಅದೇ ವಿಶ್ವವಿದ್ಯಾನಿಲಯಕ್ಕೆ ಕೊಟ್ಟರು. ಕಟ್ಟಡಕ್ಕಲ್ಲ, ಗ್ರಂಥಾಲಯ ಶಾಸ್ತ್ರದ ಪೀಠವೊಂದಕ್ಕೆ. ಅಲ್ಲಿಯೂ ಹೆಸರಿದೆ, ಮಡದಿ ಶಾರದೆಯವರ ಹೆಸರು. ಬೆಂಗಳೂರಿನಲ್ಲಿ 1972ರಲ್ಲಿ ತೀರಿಕೊಳ್ಳುವವರೆಗೂ ಸರಳವಾಗಿಯೇ ಬದುಕಿದ ಅವರ ಈ ಕೊಡುಗೆಯನ್ನು ಕಾರ್ನೆಗಿಯ ಕೋಟಿಗಳ ಪಕ್ಕದಲ್ಲಿಟ್ಟು ತೂಗಲು ಯಾವ ತಕ್ಕಡಿ ಇದೆಯೋ ನಾವರಿಯೆವು.

ಅವರ ಒತ್ತಾಸೆಯಿಂದ ಬಂದ 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಇನ್ನೊಂದು ಬಗೆಯ ದಾನಿಯನ್ನು ಹುಟ್ಟಿಸಿತು. ಮನೆ ತೆರಿಗೆಯ ಜೊತೆಗೆ ಗ್ರಂಥಾಲಯ ಕರ. ಆಗ ಮದರಾಸು ಪ್ರಾಂತ್ಯದಲ್ಲೇ ಇದ್ದ ದಕ್ಷಿಣ ಕನ್ನಡ, ಬಳ್ಳಾರಿಗಳಿಗೂ ಅದು ಅನ್ವಯಿಸಿತು. ಚೆನ್ನೈನಲ್ಲಿ ಸ್ವಂತ ಮನೆಯುಳ್ಳ ಕನ್ನಡಿಗರು ಇಂದಿಗೂ ಈ ಕರ ತೆರುತ್ತಿದ್ದಾರೆ. ಎಷ್ಟು ಮಂದಿ ರಸೀದಿಯಲ್ಲಿ ಅದನ್ನು ಗಮನಿಸಿದ್ದಾರೋ! ತಮ್ಮ ಬೀದಿಯ ಶಾಖಾ ಗ್ರಂಥಾಲಯಕ್ಕೆ ಹೋಗಿ, ನಾಲ್ಕು ಕನ್ನಡ ಪುಸ್ತಕ ತರಿಸಿರೆಂದು ಕೇಳುವ ಹಕ್ಕು ಅವರಿಗಿದೆ.