ಕ್ಷಮಿಸುವ ಹಕ್ಕು ಯಾರದು?

1862ರ ಸೆಪ್ಟೆಂಬರಿನಲ್ಲಿ 34 ವರ್ಷದ ಟಾಲ್‌ಸ್ಟಾಯ್, ತಾನು ಮದುವೆಯಾಗಲಿದ್ದ 18ರ ಸೋಫಿಯಾಳ ಕೈಗೆ ತನ್ನ ಹಳೆಯ ದಿನಚರಿಗಳನ್ನಿಟ್ಟ. ಜೂಜು, ವೇಶ್ಯೆಯರ ಸಹವಾಸ, ತನ್ನ ಜಮೀನಿನ ರೈತ ಹೆಂಗಸು ಅಕ್ಸಿನ್ಯಾಳ ಜೊತೆಗಿನ ಸಂಬಂಧ, ಎಲ್ಲವೂ ಅವುಗಳಲ್ಲಿತ್ತು. ಸೋಫಿಯಾ ಅತ್ತಳು, ಆದರೂ ಮದುವೆಯಾದಳು. ಅಕ್ಸಿನ್ಯಾ ಅದೇ ಊರಲ್ಲಿದ್ದಳು. ಆ ಡಿಸೆಂಬರಿನಲ್ಲೇ ಹೊಸ ಹೆಂಡತಿಯ ದಿನಚರಿಯಲ್ಲಿ ಅವಳ ಮೇಲಿನ ಹೊಟ್ಟೆಯುರಿ ಕಾಣಿಸುತ್ತದೆ. ಮುಂದೆ ದಿನಚರಿ ಕೊಟ್ಟ ಈ ಪ್ರಸಂಗವೇ ಆತನ ಕಾದಂಬರಿ ‘ಆನ್ನಾ ಕರೆನಿನಾ’ದಲ್ಲಿ ಲೆವಿನ್ ಮತ್ತು ಕಿಟ್ಟಿಯ ಕಥೆಯಾಯಿತು. ಅಲ್ಲಿ ಕಿಟ್ಟಿ ಕ್ಷಮಿಸುತ್ತಾಳೆ. ಬರೆಯುವವನು ತಾನೇ ಆದಾಗ ಕ್ಷಮೆ ಕೊಡಿಸಿಕೊಳ್ಳುವುದು ಸುಲಭ.

ಹೀಗೆ ದಿನಚರಿ ಒಪ್ಪಿಸಿದ್ದನ್ನು ಪ್ರಾಮಾಣಿಕತೆಯ ಪರಾಕಾಷ್ಠೆ ಎಂದು ಹೊಗಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮದುವೆ ಪ್ರಸ್ತಾಪಕ್ಕೂ ಮದುವೆಗೂ ನಡುವೆ ಇದ್ದದ್ದು ಒಂದೇ ವಾರ. ನೆಂಟರಿಷ್ಟರಿಗೆ ಸುದ್ದಿ ಮುಟ್ಟಿತ್ತು. ಆ ಹೊತ್ತಿಗೆ ಆ ಹುಡುಗಿ ‘ಬೇಡ’ ಅನ್ನುವುದಾದರೂ ಹೇಗೆ? ಬೇಡ ಅನ್ನಲಾಗದವರ ಮುಂದೆ ನಿಜ ಒಪ್ಪಿಸಿದರೆ ಹೇಳಿದವನ ಎದೆ ಹಗುರಾಗುತ್ತದೆ, ಕೇಳಿದವಳ ಎದೆ ಭಾರವಾಗುತ್ತದೆ. ಏನನ್ನೂ ಮುಚ್ಚಿಡಬಾರದೆಂದು ಶುರುವಾದ ಆ ಸಂಸಾರದಲ್ಲೇ 1910ರಲ್ಲಿ, ಎಂಬತ್ತು ದಾಟಿದ ಟಾಲ್‌ಸ್ಟಾಯ್ ಹೆಂಡತಿಯ ಕಣ್ಣಿಗೆ ಬೀಳದಂತೆ ಒಂದು ಗುಟ್ಟಿನ ದಿನಚರಿಯನ್ನು ಬೂಟಿನೊಳಗೆ ಬಚ್ಚಿಡುತ್ತಿದ್ದ. ಆಕೆ ಅದನ್ನೂ ಹುಡುಕಿ ತೆಗೆದಳು.

ಅಷ್ಟಕ್ಕೂ ಆತ ತಪ್ಪು ಮಾಡಿದ್ದು ಸೋಫಿಯಾಳಿಗಲ್ಲ. ಅಕ್ಸಿನ್ಯಾಳಿಗೆ, ತನ್ನಿಂದ ಅವಳಿಗೆ ಹುಟ್ಟಿದ ಮಗುವಿಗೆ. ಅವರ ಪರವಾಗಿ ಮನ್ನಿಸಲು ಇವಳ್ಯಾರು? ಹೊಸದಾಗಿ ಬಾಳಿಗೆ ಬರುವವರು ನಮ್ಮ ಹಳೆಯ ತಪ್ಪುಗಳಿಗೆ ಕ್ಷಮೆ ಕೊಡಲಾರರು. ತಿಳಿದೂ ಜೊತೆಗಿರುತ್ತೇನೆ ಅಥವಾ ಇರಲಾರೆ ಎಂದಷ್ಟೇ ಅವರು ತೀರ್ಮಾನಿಸಬಲ್ಲರು. ಆ ತೀರ್ಮಾನಕ್ಕೆ ಬೇಕಾದದ್ದನ್ನೆಲ್ಲ ಹೇಳಲೇಬೇಕು, ಅದೂ ಬೇಗ. ಅದೇ ಊರಲ್ಲಿ ಒಬ್ಬ ಮಗನಿದ್ದಾನೆ ಎಂಬುದು ಅವಳಿಗೆ ತಿಳಿಯಬೇಕಿತ್ತು. ಒಂದೊಂದು ರಾತ್ರಿಯ ವರದಿ ಬೇಕಿರಲಿಲ್ಲ.

ನಮ್ಮಲ್ಲಿ ರೋಗ ತದ್ವಿರುದ್ಧ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಮುಂದಿಟ್ಟುಕೊಂಡು ಫಿಟ್ಸು, ಕೈಸಾಲ, ಮುರಿದುಬಿದ್ದ ಮೊದಲ ಮದುವೆಗಳನ್ನು ತಾಳಿ ಬೀಳುವವರೆಗೆ ಅದುಮಿಡುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ, ಮಹತ್ವದ ಸಂಗತಿಯಲ್ಲಿ ಮೋಸ ಮಾಡಿ ಪಡೆದ ಒಪ್ಪಿಗೆಯ ಮದುವೆಯನ್ನು ರದ್ದು ಮಾಡಿಸಲು ಅವಕಾಶ ಕೊಡುತ್ತದೆ. ಮೋಸ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಗೊತ್ತಾದ ಮೇಲೂ ಮನಸಾರೆ ಗಂಡಹೆಂಡಿರಾಗಿ ಬಾಳಿದ್ದರೆ ಆ ದಾರಿ ಮುಚ್ಚಿತು. ಒರಟು ಲೆಕ್ಕವೇ ನಿಜ, ಆದರೆ ಎದ್ದುಹೋಗಲು ಒಂದಷ್ಟು ಕಾಲ ಬಿಟ್ಟುಕೊಟ್ಟಿದೆ. ಸೋಫಿಯಾಳಿಗೆ ಅಷ್ಟೂ ಇರಲಿಲ್ಲ.

ತಿಳಿದೂ ಉಳಿದವರ ಮೇಲೂ ಒಂದು ಹೊಣೆ ಬೀಳುತ್ತದೆ, ಅದರ ಮಾತನ್ನು ಯಾರೂ ಎತ್ತುವುದಿಲ್ಲ. ‘ನನಗಿಂತ ಮುಂಚೆ ಯಾರಿದ್ದರು?’ ಎಂದು ತಾವೇ ಕೆದಕಿ ಕೇಳಿ, ಪರವಾಗಿಲ್ಲ ಅಂದವರು, ಎಷ್ಟೋ ವರ್ಷದ ಮೇಲೆ ಸಾರಿಗೆ ಉಪ್ಪು ಹೆಚ್ಚಾದ ಜಗಳದಲ್ಲಿ ಆ ಹೆಸರನ್ನು ಎಳೆದು ತರುತ್ತಾರಲ್ಲ, ಅದಕ್ಕೆ ಯಾವ ಕಲಂ ಇದೆ?