ನೆರಳಿಗೆ ಹೆಸರಿಡುವ ಮುನ್ನ

ಅರೆಬರೆಯಾಗಿ ಕಂಡದ್ದನ್ನು ಪೂರ್ಣವಾಗಿ ಕಂಡಂತೆ ನುಡಿಯುವುದು ಅಸತ್ಯವೇ? ಹಾಗೆ ನುಡಿದವನಲ್ಲಿ ವಂಚನೆಯ ಉದ್ದೇಶವಿರುವುದಿಲ್ಲ. ತನ್ನ ಕಣ್ಣಿಗೆ ಬಿದ್ದುದನ್ನೇ ಆತ ಹೇಳುತ್ತಾನೆ. ಆದರೂ ಆ ಮಾತಿನಿಂದ ಮತ್ತೊಂದು ಜೀವಕ್ಕೆ ಹಾನಿಯಾದರೆ ಅದರ ಹೊಣೆ ಯಾರದು? ಇದು ಕೇವಲ ತರ್ಕಗ್ರಂಥಗಳ ಪ್ರಶ್ನೆಯಾಗಿ ಉಳಿದಿಲ್ಲ. ಆಸ್ಪತ್ರೆಯ ಸ್ಕ್ಯಾನಿಂಗ್ ಕೊಠಡಿಯ ಹೊರಗೆ ವರದಿಯ ಲಕೋಟೆ ಹಿಡಿದು ಕುಳಿತ ಪ್ರತಿಯೊಂದು ಕುಟುಂಬದ ಎದುರಿಗೂ ಅದು ನಿಂತಿದೆ.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊಟ್ಟಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಸಿ.ಟಿ. ಚಿತ್ರವನ್ನು ತೆಗೆಯಲಾಯಿತು. ಆ ಯಂತ್ರವನ್ನು ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರು ಅಲನ್ ಕಾರ್ಮ್ಯಾಕ್ ಅವರೊಡನೆ 1979ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಅನಂತರ ಎಂ.ಆರ್.ಐ. ಮತ್ತು ಪೆಟ್ ಸ್ಕ್ಯಾನ್‌ಗಳು ಬಂದವು. ಇವುಗಳಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಇವು ತೋರಿಸುವುದು ಏನನ್ನು ಎಂಬುದನ್ನು ವಿಚಾರಿಸಬೇಕು. ಒಂದು ಸಾಂದ್ರತೆಯನ್ನು ತೋರಿಸುತ್ತದೆ, ಇನ್ನೊಂದು ಅಂಗಾಂಶದಲ್ಲಿನ ನೀರಿನ ನಡವಳಿಕೆಯನ್ನು, ಮತ್ತೊಂದು ಸಕ್ಕರೆಯನ್ನು ಹೆಚ್ಚಾಗಿ ಹೀರುವ ಸ್ಥಳವನ್ನು. ರೋಗದ ಹೆಸರು ಯಾವ ಚಿತ್ರದ ಮೇಲೂ ಬರೆದಿರುವುದಿಲ್ಲ. ಹೆಸರನ್ನು ಇಡುವವನು ಮನುಷ್ಯ.

ಈ ಮಾತಿಗೆ ಲಿಂಫೋಮಾ ಎಂಬ ರೋಗ ಉತ್ತಮ ನಿದರ್ಶನ. ದೇಹವನ್ನು ಕಾಯಬೇಕಾದ ಬಿಳಿಯ ರಕ್ತಕಣಗಳ ಒಂದು ವರ್ಗದಲ್ಲಿಯೇ ಹುಟ್ಟುವ ಕ್ಯಾನ್ಸರ್ ಇದು. ಸಾಮಾನ್ಯವಾಗಿ ಕುತ್ತಿಗೆ, ಕಂಕುಳು, ತೊಡೆಸಂದುಗಳ ದುಗ್ಧಗ್ರಂಥಿಗಳು ಊದಿಕೊಳ್ಳುವುದರಿಂದ ಇದರ ಸುಳಿವು ಸಿಗುತ್ತದೆ. ಅಪರೂಪಕ್ಕೆ ಇದು ಮೆದುಳಿನಲ್ಲಿಯೋ, ಮೇದೋಜೀರಕ ಗ್ರಂಥಿಯಲ್ಲಿಯೋ, ಮೂಳೆಯಲ್ಲಿಯೋ ಮಾತ್ರ ಕಾಣಿಸಿಕೊಳ್ಳುತ್ತದೆ. ಆಗ ಆಯಾ ಅಂಗದ ಬೇರೆ ಕ್ಯಾನ್ಸರಿನ ವೇಷದಲ್ಲಿಯೇ ತೋರುವುದುಂಟು.

ಮೆದುಳಿನ ಗ್ಲಯೋಬ್ಲಾಸ್ಟೋಮಾ ಎಂಬ ಗಡ್ಡೆಯ ನಡುಭಾಗ ಸತ್ತು, ಅಂಚು ಉಂಗುರದಂತೆ ಹೊಳೆಯುವುದು ವಾಡಿಕೆ. ಲಿಂಫೋಮಾ ಬಹುಮಟ್ಟಿಗೆ ಇಡಿಯಾಗಿ ಸಮನಾಗಿ ಹೊಳೆಯುತ್ತದೆ. ಕಣಗಳು ಒತ್ತೊತ್ತಾಗಿರುವುದರಿಂದ ಅಲ್ಲಿ ನೀರಿನ ಚಲನೆ ಕುಂಠಿತವಾಗಿರುತ್ತದೆ. ನಿಯಮ ಸ್ಪಷ್ಟವೆಂದು ತೋರಬಹುದು. ಆದರೆ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಲಿಂಫೋಮಾ ಕೂಡ ಉಂಗುರದಂತೆಯೇ ಕಾಣಬಹುದು. ಅವರಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿಯ ಸೋಂಕೂ ಅದೇ ರೂಪವನ್ನು ತಾಳಬಹುದು. ಚಿಕಿತ್ಸೆಗಳಾದರೋ ತೀರ ಭಿನ್ನ. ಗ್ಲಯೋಬ್ಲಾಸ್ಟೋಮಾವನ್ನು ಅಪಾಯವಿಲ್ಲದಷ್ಟು ಮಟ್ಟಿಗೆ ಕತ್ತರಿಸಿ ತೆಗೆಯಲು ಯತ್ನಿಸುತ್ತಾರೆ. ಲಿಂಫೋಮಾಕ್ಕೆ ಸೂಜಿಯಿಂದ ಒಂದು ಚೂರನ್ನು ತೆಗೆದು ಪರೀಕ್ಷಿಸಿ, ಮೆಥೋಟ್ರೆಕ್ಸೇಟ್ ಮುಂತಾದ ಔಷಧಗಳನ್ನು ಕೊಡುತ್ತಾರೆ. ಸೋಂಕಿಗೆ ಸೋಂಕಿನ ಔಷಧವೇ ಸಾಕು. ಹೆಸರು ತಪ್ಪಿದರೆ ದಾರಿಯೇ ತಪ್ಪುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೆದುಳಿನ ಊತವನ್ನು ಇಳಿಸಲು ಕೊಡುವ ಸ್ಟೀರಾಯ್ಡ್ ಔಷಧದಿಂದ ಲಿಂಫೋಮಾ ಕೆಲವೇ ದಿನಗಳಲ್ಲಿ ಕುಗ್ಗಿಬಿಡಬಹುದು. ಚಿತ್ರದಲ್ಲಿ ಗಡ್ಡೆ ಮಾಯವಾಗುತ್ತದೆ, ಮನೆಯವರು ಹರ್ಷಿಸುತ್ತಾರೆ. ರೋಗ ವಾಸಿಯಾಗಿರುವುದಿಲ್ಲ; ಕೆಲಕಾಲದ ಬಳಿಕ ಮರಳುತ್ತದೆ. ಅಷ್ಟೇ ಅಲ್ಲದೆ, ಆ ಅವಧಿಯಲ್ಲಿ ತೆಗೆದ ಚೂರಿನಲ್ಲಿ ರೋಗದ ಗುರುತೇ ಸಿಗದಿರಬಹುದು. ಆದುದರಿಂದಲೇ ಲಿಂಫೋಮಾದ ಶಂಕೆಯಿದ್ದಾಗ, ರೋಗಿಯ ಸ್ಥಿತಿ ಅನುಮತಿಸಿದರೆ, ಬಯಾಪ್ಸಿ ಆಗುವವರೆಗೆ ಸ್ಟೀರಾಯ್ಡನ್ನು ತಡೆಹಿಡಿಯುತ್ತಾರೆ.

ಮೇದೋಜೀರಕ ಗ್ರಂಥಿಯ ವಿಷಯವೂ ಹೀಗೆಯೇ. ಅಲ್ಲಿನ ಸಾಮಾನ್ಯ ಕ್ಯಾನ್ಸರಿನ ಹೆಸರು ಕೇಳಿದೊಡನೆ ಆಸೆ ಬಿಡುವ ಕುಟುಂಬಗಳಿವೆ. ಅಲ್ಲಿನ ಗಡ್ಡೆಗಳಲ್ಲಿ ಲಿಂಫೋಮಾದ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೆ ಅದು ಔಷಧಗಳಿಗೆ ಬಗ್ಗುವ ಸಂಭವ ಬಹಳ ಹೆಚ್ಚು. ದೊಡ್ಡ ಶಸ್ತ್ರಚಿಕಿತ್ಸೆಯ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಇನ್ನು ಭಾರತದಲ್ಲಿ ಕ್ಷಯರೋಗದ ತೊಡಕು ಬೇರೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಇಲ್ಲಿಯೇ ಇದ್ದಾರೆ. ಕ್ಷಯದ ಗಂಟೂ ಲಿಂಫೋಮಾದ ಗಂಟೂ ಪೆಟ್ ಸ್ಕ್ಯಾನಿನಲ್ಲಿ ಒಂದೇ ಬಗೆಯಾಗಿ ಬೆಳಗಬಲ್ಲವು. ಚಿತ್ರವೊಂದನ್ನೇ ನಂಬಿದರೆ ಕ್ಷಯದವನು ಕ್ಯಾನ್ಸರೆಂದು ಕುಗ್ಗಬಹುದು. ಲಿಂಫೋಮಾದವನು ಕ್ಷಯದ ಮಾತ್ರೆ ನುಂಗುತ್ತ ತಿಂಗಳುಗಳನ್ನು ಕಳೆದುಕೊಳ್ಳಬಹುದು.

ಈ ಗೊಂದಲ ಹೊಸದಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ಈ ಗ್ರಂಥಿರೋಗವನ್ನು ವರ್ಣಿಸಿದರು. 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್ ಇದರ ವಿಶಿಷ್ಟ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡೂ ಇದನ್ನು ಕ್ಷಯದ ಒಂದು ಬಗೆಯೆಂದೇ ಎಣಿಸಿದರು. 1902ರಲ್ಲಿ ಡೊರೊಥಿ ರೀಡ್ ಎಂಬ ವೈದ್ಯೆ ಇದು ಕ್ಷಯವಲ್ಲವೆಂದು ವಾದಿಸಿ ತೋರಿಸಿದರು. ಹಾಡ್ಜ್‌ಕಿನ್ನರು ಕಾಪಿಟ್ಟಿದ್ದ ಅಂಗಭಾಗಗಳನ್ನು 1926ರಲ್ಲಿ ಹರ್ಬರ್ಟ್ ಫಾಕ್ಸ್ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದಾಗ, ಅವೆಲ್ಲವೂ ಒಂದೇ ರೋಗದವಲ್ಲವೆಂದು ಕಂಡುಬಂತು. ಉಗಾಂಡದಲ್ಲಿದ್ದ ಡೆನಿಸ್ ಬರ್ಕಿಟ್ 1958ರಲ್ಲಿ ಮಕ್ಕಳ ದವಡೆಯ ಗಡ್ಡೆಯನ್ನು ವರ್ಣಿಸಿದಾಗ ಅದನ್ನು ಸಾರ್ಕೋಮಾ ಎಂದು ಕರೆದರು. ಅದು ಲಿಂಫೋಮಾ ಎಂಬುದು ಬಳಿಕ ತಿಳಿಯಿತು. ಕಣ್ಣುಗಳು ಚುರುಕಾಗಿದ್ದವು, ಮನಸ್ಸು ಪ್ರಾಮಾಣಿಕವಾಗಿತ್ತು. ಆದರೂ ಹೆಸರು ತಪ್ಪಿತು. ಅವರ ಹಿರಿಮೆ ತಪ್ಪದಿರುವುದರಲ್ಲಿಲ್ಲ. ಮುಂದಿನವರು ತಿದ್ದಲು ಅನುಕೂಲವಾಗುವಂತೆ ಕಂಡದ್ದನ್ನು ಕಂಡಂತೆ ದಾಖಲಿಸಿಟ್ಟುದರಲ್ಲಿದೆ.

ಜೈನ ತರ್ಕವು ನಯಕ್ಕೂ ಪ್ರಮಾಣಕ್ಕೂ ಭೇದ ಮಾಡುತ್ತದೆ. ವಸ್ತುವಿನ ಒಂದು ಮುಖವನ್ನು ಹಿಡಿಯುವುದು ನಯ. ಅದು ಅಸತ್ಯವಲ್ಲ. ತನ್ನ ಮುಖವೇ ಸಮಸ್ತವೆಂದು ಉಳಿದವನ್ನು ನಿರಾಕರಿಸಿದಾಗ ಮಾತ್ರ ಅದು ದುರ್ನಯವಾಗುತ್ತದೆ. ಸ್ಯಾತ್ ಎಂಬ ಪದವನ್ನು ಸಂಶಯವೆಂದು ಭಾವಿಸುವವರುಂಟು. ಅದು ಸಂಶಯವಲ್ಲ, ಯಾವ ಅಪೇಕ್ಷೆಯಿಂದ ಈ ಮಾತು ನಿಜ ಎಂಬುದರ ನಿರ್ದೇಶ. ‘ಈ ಚಿತ್ರದ ದೃಷ್ಟಿಯಿಂದ ಇಂಥ ರೋಗವನ್ನು ಹೋಲುತ್ತದೆ, ಅಂಗಾಂಶ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ’ ಎಂದು ವರದಿ ಬರೆಯುವ ತಜ್ಞನು ಹೊಣೆಯಿಂದ ಜಾರಿಕೊಳ್ಳುತ್ತಿಲ್ಲ, ಸತ್ಯವ್ರತವನ್ನೇ ಪಾಲಿಸುತ್ತಿದ್ದಾನೆ.

ವ್ಯಾಪಾರಸ್ಥರಿಗೆ ಇದನ್ನು ಬೇರೆ ಮಾತಿನಲ್ಲಿ ಹೇಳಬಹುದು. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯೆಂದಲ್ಲ. ರಾಮನ ಖಾತೆಗೆ ಬರೆಯಬೇಕಾದುದನ್ನು ಭೀಮನ ಖಾತೆಗೆ ಬರೆದರೂ ಎರಡು ಬದಿಗಳು ಸರಿಹೊಂದುತ್ತವೆ. ತಪ್ಪು ಹೊರಬೀಳುವುದು ವೋಚರ್ ತೆಗೆದು ನೋಡಿದಾಗಲೇ. ಸ್ಕ್ಯಾನ್ ಲೆಕ್ಕದ ಪಟ್ಟಿಯಾದರೆ ಬಯಾಪ್ಸಿ ವೋಚರ್.

ಹಾಗೆಂದು ಅನಿಶ್ಚಯವನ್ನೇ ನೆಪಮಾಡಿಕೊಂಡು ಕೈಕಟ್ಟಿ ಕೂರುವುದು ಧರ್ಮವಲ್ಲ. ಲಿಂಫೋಮಾದ ಕೆಲವು ಬಗೆಗಳು ಬಲುಬೇಗ ಬೆಳೆಯುತ್ತವೆ. ಮೆದುಳಿನ ಊತದಿಂದ ಪ್ರಾಣವೇ ಹೋಗುವಂತಿದ್ದರೆ ಪರೀಕ್ಷೆ ಕೆಡುವುದೆಂದು ಸ್ಟೀರಾಯ್ಡ್ ನಿರಾಕರಿಸಲಾಗದು. ಮೆದುಳಿಗೆ ಸೂಜಿ ಹಾಕುವುದರಲ್ಲಿ ರಕ್ತಸ್ರಾವದ ಅಪಾಯವೂ ಉಂಟು. ಪೂರ್ಣಜ್ಞಾನ ದೊರೆತ ಮೇಲೆಯೇ ಕೈಯಿಡುವೆನೆಂದರೆ ಯಾವ ವೈದ್ಯನೂ ಯಾರನ್ನೂ ಉಳಿಸಲಾರ. ಆದುದರಿಂದ ಪ್ರಮಾದ ಎರಡು ಬಗೆಯದು: ತಿಳಿಯಬಹುದಾಗಿದ್ದುದನ್ನು ತಿಳಿಯದೆ ಮುನ್ನುಗ್ಗುವುದು ಒಂದು, ತಿಳಿದಷ್ಟರಿಂದ ಮಾಡಬೇಕಾದುದನ್ನು ಮಾಡದೆ ಕಾಲ ಕಳೆಯುವುದು ಇನ್ನೊಂದು. ಎಚ್ಚರದಿಂದ ನಡೆದೂ ತಪ್ಪಾದರೆ ಅದು ಮನುಷ್ಯನ ಮಿತಿ. ಎಚ್ಚರವಿಲ್ಲದೆ ನಡೆದು ಆಕಸ್ಮಿಕವಾಗಿ ಸರಿಹೋದರೂ ಅದು ಪ್ರಮಾದವೇ.

ಈ ವಿವೇಕ ವೈದ್ಯರಿಗೆ ಮಾತ್ರ ಮೀಸಲಲ್ಲ. ಸ್ಕ್ಯಾನ್ ವರದಿ ಬಂದ ಸಂಜೆಯೇ ಬಂಧುಗಳೆಲ್ಲರಿಗೂ ಕ್ಯಾನ್ಸರೆಂದು ಸುದ್ದಿ ಮುಟ್ಟಿಸುವುದು, ರೋಗಿಗೆ ಮಾತ್ರ ಏನನ್ನೂ ತಿಳಿಸದಿರುವುದು ಅನೇಕ ಮನೆಗಳ ರೂಢಿ. ಎರಡೂ ಬದಲಾಗಬೇಕು. ‘ಚಿತ್ರವನ್ನು ಕಂಡು ಹೇಳಿದ್ದೋ, ಚೂರನ್ನು ಪರೀಕ್ಷಿಸಿ ಹೇಳಿದ್ದೋ?’ ಎಂದು ವಿನಯದಿಂದ ಕೇಳುವ ಹಕ್ಕು ಪ್ರತಿ ಕುಟುಂಬಕ್ಕೂ ಇದೆ. ಉತ್ತರವನ್ನು ತಿಳಿಯುವ ಮೊದಲ ಹಕ್ಕು ರೋಗಿಯದು.

ಬಸದಿಗಳ ಧರ್ಮದರ್ಶಿ ಮಂಡಳಿಗಳೂ ಇದನ್ನು ಆಲೋಚಿಸಬೇಕು. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸಿದ್ದಾರೆ. ಶಸ್ತ್ರಚಿಕಿತ್ಸೆಯ ಬಿಲ್ಲಿಗೆ ನೆರವು ನೀಡಲು ದಾನಿಗಳು ಸುಲಭವಾಗಿ ಒಪ್ಪುತ್ತಾರೆ. ಬಯಾಪ್ಸಿಗೆ, ಅದರ ಚೂರಿನ ಮೇಲೆ ನಡೆಸುವ ವಿಶೇಷ ಪರೀಕ್ಷೆಗಳಿಗೆ, ಎರಡನೆಯ ತಜ್ಞರ ಅಭಿಪ್ರಾಯಕ್ಕೆ ಹಣ ಕೇಳಿದರೆ ಹಿಂಜರಿಯುತ್ತಾರೆ. ಯಾವ ಔಷಧ ಎಂಬುದನ್ನು ನಿರ್ಧರಿಸುವ ಪರೀಕ್ಷೆ ಔಷಧದ ಮೊದಲರ್ಧವೇ ಆಗಿದೆ. ವೈದ್ಯಕೀಯ ನೆರವಿನ ನಿಧಿಯಲ್ಲಿ ಒಂದು ಪಾಲನ್ನು ಇದಕ್ಕೆಂದು ತೆಗೆದಿರಿಸಿದರೆ, ಕೊಟ್ಟ ದಾನ ಸಲ್ಲಬೇಕಾದ ರೋಗಕ್ಕೇ ಸಲ್ಲುತ್ತದೆ.